ಖಾಲಿ ಮನೆಗೆ ಮಂಚ, ಮೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ ಮನೆಗೆ ಬೇಕಾದ ಮಂಚ, ಹಾಸಿಗೆ, ಮೇಜು, ಕುರ್ಚಿಗಳನ್ನು ಸೇವಾಸಂಸ್ಥೆಗಳಿಂದ ಪುಕ್ಕಟೆಯಾಗಿ ಇಲ್ಲವೇ ಅಗ್ಗವಾಗಿ ಪಡೆಯುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಪತ್ರಗಳಲ್ಲಿ ಹೆಚ್ಚಿನವು ಹೊರದೇಶದ ಕನ್ನಡಿಗರವು. ಹಲವರು ಎಡವುವುದು ಮೊದಲ ಹೆಜ್ಜೆಯಲ್ಲೇ. ನೇರವಾಗಿ ಅಂಗಡಿಗೋ ಗೋದಾಮಿಗೋ ಹೋಗಿ ಕೇಳುತ್ತಾರೆ, ಶಿಫಾರಸು ಮಾಡಬೇಕಾದವರನ್ನು ಹುಡುಕುವುದಿಲ್ಲ. ಎರಡನೆಯ ಎಡವು ಸಾಗಾಟದಲ್ಲಿ. ಸೋಫಾ ಪುಕ್ಕಟೆ ಸಿಗುತ್ತದೆ, ಅದನ್ನು ಮನೆಗೆ ತರುವ ಗಾಡಿ ಪುಕ್ಕಟೆ ಸಿಗುವುದಿಲ್ಲ.

ಪ್ರಶ್ನೆ: ಗಂಡನ ಹಿಂಸೆ ತಾಳಲಾರದೆ ಎಂಟು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟಿದ್ದೇನೆ. ಈಗ ಆಶ್ರಯಧಾಮದಲ್ಲಿದ್ದೇವೆ. ಬಾಸ್ಟನ್‌ನ ಪಶ್ಚಿಮಕ್ಕೆ ಒಂದು ಅಪಾರ್ಟ್‌ಮೆಂಟ್ ಸಿಗುವ ಹಾಗಿದೆ, ಆದರೆ ಒಳಗೆ ಒಂದು ಕುರ್ಚಿಯೂ ಇಲ್ಲ. ನನ್ನದು ಗಂಡನ ಕೆಲಸದ ವೀಸಾವನ್ನು ಆಧರಿಸಿದ ಎಚ್-4 ವೀಸಾ. ಚಾರಿಟಿಯಿಂದ ಸಾಮಾನು ಪಡೆದರೆ ಮುಂದೆ ತೊಂದರೆಯಾದೀತೇ?
— ಹೆಸರು ಬೇಡ, ಮ್ಯಾಸಚೂಸೆಟ್ಸ್

ಉತ್ತರ: ಭಯದ ಮಾತನ್ನು ಮೊದಲು ಮುಗಿಸೋಣ. ವಲಸೆ ಅಧಿಕಾರಿಗಳು ‘ಪಬ್ಲಿಕ್ ಚಾರ್ಜ್’ (ಸರ್ಕಾರಕ್ಕೆ ಹೊರೆ) ಎಂದು ಲೆಕ್ಕ ಹಾಕುವುದು ಸರ್ಕಾರದ ಖರ್ಚಿನಲ್ಲಿ ಬದುಕು ಸಾಗಿಸುವುದನ್ನು. ಖಾಸಗಿ ಸೇವಾಸಂಸ್ಥೆ ಕೊಟ್ಟ ಮಂಚವಾಗಲಿ ಮೇಜಾಗಲಿ ಸರ್ಕಾರದ ನೆರವಲ್ಲ. ಧೈರ್ಯವಾಗಿ ತೆಗೆದುಕೊಳ್ಳಿ. ಸರ್ಕಾರದಿಂದ ನಗದು ನೆರವು ಕೇಳುವ ಮೊದಲು ಮಾತ್ರ ವಲಸೆ ಕಾನೂನಿನ ವಕೀಲರ ಹತ್ತಿರ ಮಾತಾಡಿ. ಆ ನಿಯಮಗಳು ಸರ್ಕಾರ ಬದಲಾದಾಗಲೆಲ್ಲ ಬದಲಾಗುತ್ತವೆ.

ನಿಮಗೆ ಬೇಕಾದದ್ದು ಫರ್ನಿಚರ್ ಬ್ಯಾಂಕ್. ಜನ ದಾನ ಕೊಟ್ಟ ಗಟ್ಟಿ ಸಾಮಾನುಗಳನ್ನು ಗೋದಾಮಿನಲ್ಲಿಟ್ಟು, ಆಶ್ರಯಧಾಮದಿಂದಲೋ ಬೀದಿಯಿಂದಲೋ ಹೊಸ ಮನೆಗೆ ಹೋಗುತ್ತಿರುವವರಿಗೆ ಕೊಡುವ ಸಂಸ್ಥೆ ಇದು. ನಿಮ್ಮ ಭಾಗದಲ್ಲಿ ಆಕ್ಟನ್ ಪಟ್ಟಣದ ‘ಹೌಸ್‌ಹೋಲ್ಡ್ ಗೂಡ್ಸ್’ 1990ರಿಂದ ಈ ಕೆಲಸ ಮಾಡುತ್ತಿದೆ. ಮನೆ ರಾಜ್ಯದ ಆಗ್ನೇಯ ಭಾಗದಲ್ಲಿ ಸಿಕ್ಕಿದರೆ ‘ಮೈ ಬ್ರದರ್ಸ್ ಕೀಪರ್’ ಇದೆ, ಅವರು ಸಾಮಾನನ್ನು ಮನೆಗೇ ತಲುಪಿಸುತ್ತಾರೆ. ಫರ್ನಿಚರ್ ಬ್ಯಾಂಕ್‌ಗಳು ಸಾಮಾನ್ಯವಾಗಿ ನೇರವಾಗಿ ಬಂದವರಿಗೆ ಸಾಮಾನು ಕೊಡುವುದಿಲ್ಲ. ಸಾಮಾಜಿಕ ಸೇವಾಸಂಸ್ಥೆಯ ಕೇಸ್ ವರ್ಕರ್, ಆಸ್ಪತ್ರೆಯ ಸೋಷಿಯಲ್ ವರ್ಕರ್ ಇಲ್ಲವೇ ಶಾಲೆಯ ಕೌನ್ಸೆಲರ್ ರೆಫರಲ್ (ಶಿಫಾರಸು) ಕಳಿಸಬೇಕು. ನಿಮ್ಮ ಆಶ್ರಯಧಾಮದ ಕೇಸ್ ವರ್ಕರ್‌ಗೆ ಈ ಕೆಲಸ ಹೊಸದಿರಲಾರದು, ಆದರೆ ನೀವಾಗಿ ಬಾಯಿಬಿಟ್ಟು ಕೇಳಬೇಕು. ಅವರ ಕೈ ತುಂಬಿದ್ದರೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇರುವ ಬಾಸ್ಟನ್‌ನ ‘ಸಹೇಲಿ’ಯನ್ನು ಸಂಪರ್ಕಿಸಿ. ಬೇರೆ ಕಡೆ ಇದೇ ಸ್ಥಿತಿಯಲ್ಲಿರುವವರಿಗೆ ನ್ಯೂಜೆರ್ಸಿಯಲ್ಲಿ ‘ಮಾನವಿ’, ನ್ಯೂಯಾರ್ಕಿನಲ್ಲಿ ‘ಸಖಿ’, ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ ‘ಮೈತ್ರಿ’ ಇವೆ. ಮನೆಯೊಳಗಿನ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233 ಹಗಲೂ ರಾತ್ರಿ ತೆರೆದಿರುತ್ತದೆ, ದುಭಾಷಿಯನ್ನೂ ಕೇಳಬಹುದು.

ರೆಫರಲ್ ಯಾವಾಗ ಕಳಿಸಬೇಕು ಎಂಬಲ್ಲಿ ಬಹಳ ಜನ ತಪ್ಪುತ್ತಾರೆ. ವಿಳಾಸ ಗೊತ್ತಾಗುವ ಮೊದಲೇ ಕಳಿಸಿದರೆ ಅರ್ಜಿ ಅಪೂರ್ಣವೆಂದು ಮೂಲೆಗೆ ಬೀಳುತ್ತದೆ. ಮನೆಯ ಕೀ ಕೈಗೆ ಬಂದ ಮೇಲೆ ಕಳಿಸಿದರೆ ಸರದಿ ಬರುವತನಕ ವಾರಗಟ್ಟಲೆ ಬರಿ ನೆಲದ ಮೇಲೆ ಮಲಗಬೇಕಾಗುತ್ತದೆ. ಲೀಸಿಗೆ ಸಹಿ ಬಿದ್ದ ದಿನವೇ ರೆಫರಲ್ ಹೋಗಲಿ, ಗೋದಾಮಿಗೆ ಹೋಗಿ ಸಾಮಾನು ಆರಿಸುವ ದಿನಾಂಕವನ್ನು ಕೀ ಸಿಕ್ಕಿ ಎರಡು ಮೂರು ದಿನ ಆದ ಮೇಲಕ್ಕೆ ಕೇಳಿ. ಆರಿಸಿದ ಸಾಮಾನನ್ನು ಅಲ್ಲೇ ಇಟ್ಟುಕೊಳ್ಳಿ ಎಂದರೆ ಒಪ್ಪುವ ಗೋದಾಮು ಅಪರೂಪ. ಅರ್ಜಿಯಲ್ಲಿ ಮಕ್ಕಳ ವಯಸ್ಸು, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂಬುದನ್ನು ಸರಿಯಾಗಿ ಬರೆಸಿ. ಎಷ್ಟು ಮಂಚ, ಎಷ್ಟು ಕುರ್ಚಿ ಎಂಬುದು ಮನೆಮಂದಿಯ ಲೆಕ್ಕದ ಮೇಲೆ ನಿಂತಿರುತ್ತದೆ.

ಹೋಗುವ ಮುನ್ನ ಅಳತೆ ಟೇಪು ಹಿಡಿದು ನಾಲ್ಕು ಅಳತೆ ಬರೆದುಕೊಳ್ಳಿ: ಮುಂಬಾಗಿಲು ಪೂರ್ತಿ ತೆರೆದಾಗ ಉಳಿಯುವ ಅಗಲ, ಮೆಟ್ಟಿಲು ತಿರುಗುವ ಕಡೆಯ ಅಗಲ ಮತ್ತು ಎತ್ತರ, ಲಿಫ್ಟಿನ ಆಳ, ಮಲಗುವ ಕೋಣೆಗಳ ಉದ್ದಗಲ. ಅಮೆರಿಕದ ಟ್ವಿನ್ ಹಾಸಿಗೆ 38 ಇಂಚು ಅಗಲ, 75 ಇಂಚು ಉದ್ದ. ಫುಲ್ 54ಕ್ಕೆ 75. ಕ್ವೀನ್ 60ಕ್ಕೆ 80. ಪುಕ್ಕಟೆ ಸಿಗುತ್ತದೆಂದು ಮಕ್ಕಳ ಹತ್ತಡಿ ಕೋಣೆಗೆ ಎರಡು ಕ್ವೀನ್ ತಂದರೆ ಅವರಿಗೆ ಓಡಾಡಲು, ಕೂತು ಬರೆಯಲು ಜಾಗವೇ ಉಳಿಯುವುದಿಲ್ಲ. ನಿಮ್ಮ ಮನೆಗೆ ಎರಡು ಟ್ವಿನ್, ಒಂದು ಫುಲ್ ಸಾಕು. ಹಾಸಿಗೆಯನ್ನು ಸ್ವಲ್ಪ ಬಾಗಿಸಿ ಮೆಟ್ಟಿಲು ಹತ್ತಿಸಬಹುದು, ಅದರ ಕೆಳಗಿನ ಬಾಕ್ಸ್ ಸ್ಪ್ರಿಂಗ್ ಮರದ ಚೌಕಟ್ಟಿನದು, ಬಾಗುವುದಿಲ್ಲ. ಹಳೆಯ ಮೂರಂತಸ್ತಿನ ಮನೆಗಳ ಕಿರಿದಾದ ಮೆಟ್ಟಿಲಲ್ಲಿ ಕ್ವೀನ್ ಬಾಕ್ಸ್ ಸ್ಪ್ರಿಂಗ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ತುಂಡಾಗಿ ಬರುವ ಸ್ಪ್ಲಿಟ್ ಬಾಕ್ಸ್ ಸ್ಪ್ರಿಂಗ್ ಇದೆಯೇ ಎಂದು ಕೇಳಿ, ಇಲ್ಲವೇ ಹಲಗೆಪಟ್ಟಿಯ ಮಂಚ ಆರಿಸಿ. ಅದಕ್ಕೆ ಬಾಕ್ಸ್ ಸ್ಪ್ರಿಂಗ್ ಬೇಕೇ ಇಲ್ಲ.

ಒಂದರ ಮೇಲೊಂದಿರುವ ಬಂಕ್ ಮಂಚ ಕಣ್ಣಿಗೆ ಬಿದ್ದರೂ ನಿಮಗೆ ಬೇಡ. ಆರು ವರ್ಷದ ಕೆಳಗಿನ ಮಗುವನ್ನು ಮೇಲೆ ಮಲಗಿಸಬಾರದು, ದೊಡ್ಡದು ಮೇಲೆ ಮಲಗಿದರೆ ಚಿಕ್ಕದು ಏಣಿ ಹತ್ತದೆ ಬಿಡುವುದಿಲ್ಲ. ದಾನಕ್ಕೆ ಬಂದ ಬಂಕ್‌ಗಳಲ್ಲಿ ಪಕ್ಕದ ಕಟಕಟೆ, ಬೋಲ್ಟು ಕಳೆದುಹೋಗಿರುವುದೂ ಉಂಟು.

ಸಾಗಾಟಕ್ಕೆ ಎಷ್ಟು ದುಡ್ಡು ಎತ್ತಿಡಬೇಕೆಂದು ಈಗಲೇ ಲೆಕ್ಕ ಹಾಕಿ. ಕೆಲವು ಬ್ಯಾಂಕ್‌ಗಳು ತಲುಪಿಸುತ್ತವೆ, ಅದಕ್ಕೆ ಶುಲ್ಕ ಇರಬಹುದು. ಎಷ್ಟೋ ಸಲ ರೆಫರ್ ಮಾಡಿದ ಸಂಸ್ಥೆಯೇ ಆ ಶುಲ್ಕ ಕಟ್ಟುತ್ತದೆ, ಕೇಳಲು ಸಂಕೋಚ ಬೇಡ. ಬೇರೆ ಕಡೆ ಟ್ರಕ್ಕು ನೀವೇ ತರಬೇಕು. ಬಾಡಿಗೆ ಟ್ರಕ್ಕಿನ ಜಾಹೀರಾತಿನಲ್ಲಿ 19.95 ಡಾಲರ್ ಎಂದು ಕಂಡರೆ ಅದು ಮೂಲ ಬಾಡಿಗೆ ಮಾತ್ರ. ಮೈಲಿಗೆ ಇಷ್ಟೆಂದು, ವಿಮೆ, ಪೆಟ್ರೋಲು ಸೇರಿ ಬಿಲ್ಲು ಏರುತ್ತದೆ. ಹತ್ತಡಿಯ ಟ್ರಕ್ಕಿನಲ್ಲಿ ಮೂರು ಹಾಸಿಗೆ, ಬಿಚ್ಚಿದ ಮಂಚಗಳು, ಒಂದು ಸೋಫಾ, ಊಟದ ಮೇಜು, ಪಾತ್ರೆ ಪೆಟ್ಟಿಗೆಗಳು ಹಿಡಿಯುತ್ತವೆ, ಜೋಡಿಸುವುದು ಗೊತ್ತಿರಬೇಕು ಅಷ್ಟೆ. ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಭಾರದ ಡ್ರೆಸರ್ (ಬಟ್ಟೆ ಇಡುವ ಡ್ರಾಯರ್ ಪೆಟ್ಟಿಗೆ) ಚಾಲಕನ ಕ್ಯಾಬಿನ್ ಕಡೆಗಿರಲಿ. ಬಿಚ್ಚಿದ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಅದೇ ಮಂಚಕ್ಕೆ ಟೇಪಿನಿಂದ ಅಂಟಿಸಿ. ಎತ್ತಲು ಕನಿಷ್ಠ ಇಬ್ಬರು ಗಟ್ಟಿ ಆಳು ಬೇಕು. ಗಂಡನ ಪರಿಚಯದವರನ್ನು ಕರೆಯಬೇಡಿ, ಹೊಸ ವಿಳಾಸ ಅವರ ಬಾಯಿಂದ ಹೊರಬಿದ್ದೀತು.

ಪಾತ್ರೆ, ತಟ್ಟೆ, ಚಾದರ, ಟವೆಲ್, ದೀಪ ಕೂಡ ಅಲ್ಲೇ ಸಿಗುವುದುಂಟು. ಮರೆತು ಬರಬೇಡಿ. ಸಾಮಾನು ಬರುವವರೆಗೆ ಮಕ್ಕಳಿಗೆ ಗಾಳಿ ತುಂಬುವ ಹಾಸಿಗೆಯನ್ನು ಆಶ್ರಯಧಾಮದವರಲ್ಲೇ ಕೇಳಿ. ಇನ್ನೊಂದು ಬಾಗಿಲನ್ನೂ ತಟ್ಟಿ: 2012ರಲ್ಲಿ ಐಡಹೋ ರಾಜ್ಯದ ಟ್ವಿನ್ ಫಾಲ್ಸ್‌ನಲ್ಲಿ ಶುರುವಾದ ‘ಸ್ಲೀಪ್ ಇನ್ ಹೆವೆನ್ಲಿ ಪೀಸ್’ 3ರಿಂದ 17 ವರ್ಷದ ಮಕ್ಕಳಿಗೆ ಮಂಚ, ಹಾಸಿಗೆ, ಹೊದಿಕೆ ತಂದು ಮನೆಯಲ್ಲೇ ಜೋಡಿಸಿ ಕೊಡುತ್ತದೆ. ನಿಮ್ಮ ಜಿಪ್ ಕೋಡ್ ಯಾವುದಾದರೂ ಶಾಖೆಯ ವ್ಯಾಪ್ತಿಯಲ್ಲಿದ್ದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ.

ಡ್ರೆಸರ್ ಸಿಕ್ಕಿದ ದಿನವೇ ಗೋಡೆಗೆ ಬಿಗಿಯಿರಿ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಪೆಟ್ಟಿಗೆ ಅವರ ಮೇಲೆಯೇ ಮಗುಚುತ್ತದೆ. ಹಾಗೆ ಮಕ್ಕಳು ಸತ್ತದ್ದರಿಂದಲೇ 2016ರ ಜೂನ್‌ನಲ್ಲಿ ಫರ್ನಿಚರ್ ಕಂಪನಿ ಐಕಿಯಾ ಅಮೆರಿಕದಲ್ಲಿ ‘ಮಾಲ್ಮ್’ ಮಾದರಿಯವೂ ಸೇರಿದಂತೆ 2.9 ಕೋಟಿ ಡ್ರೆಸರ್‌ಗಳನ್ನು ವಾಪಸು ಕರೆಯಿತು. ಅವುಗಳಲ್ಲಿ ಎಷ್ಟೋ ಈಗಲೂ ಮನೆಯಿಂದ ಮನೆಗೆ ಕೈ ಬದಲಾಯಿಸುತ್ತಿರುತ್ತವೆ. ಗೋಡೆಯ ಜಿಪ್ಸಮ್ ಹಲಗೆಗೆ ಹೊಡೆದ ಸ್ಕ್ರೂ ನಿಲ್ಲುವುದಿಲ್ಲ, ಒಳಗಿನ ಮರದ ಕಂಬಕ್ಕೇ ಹೊಡೆಯಬೇಕು. ಮನೆ ಮಾಲೀಕರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಮಗ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ನಾಲ್ವರು ಹುಡುಗರು ಸೇರಿ ಖಾಲಿ ಮನೆ ಹಿಡಿದಿದ್ದಾರೆ. ಫರ್ನಿಚರ್ ಬ್ಯಾಂಕಿನಲ್ಲಿ ಅವರಿಗೂ ಸಿಗುತ್ತದೆಯೇ?
— ತಾಯಿಯೊಬ್ಬರು, ದಾವಣಗೆರೆ

ಉತ್ತರ: ಸಿಗುವುದಿಲ್ಲಮ್ಮ, ಕೇಳಬಾರದು ಕೂಡ. ಅಲ್ಲಿರುವ ಒಂದೊಂದು ಮಂಚಕ್ಕೂ ಮೇಲಿನ ಪತ್ರ ಬರೆದವರಂಥ ತಾಯಂದಿರು ಸರದಿಯಲ್ಲಿರುತ್ತಾರೆ. ವಿದ್ಯಾರ್ಥಿಗಳಿಗೆ ಬೇರೆ ಒಳ್ಳೆಯ ದಾರಿಗಳಿವೆ.

ವಿಶ್ವವಿದ್ಯಾಲಯದ ಊರುಗಳಲ್ಲಿ ಆಗಸ್ಟ್ ಮಧ್ಯದಲ್ಲಿ ಹಲವು ಚರ್ಚ್ ಬಳಗಗಳು ಹೊರದೇಶದ ವಿದ್ಯಾರ್ಥಿಗಳಿಗೆಂದೇ ಹಳೆಯ ಸಾಮಾನು ಹಂಚುವ ದಿನ ಇಟ್ಟುಕೊಳ್ಳುತ್ತವೆ. ಧರ್ಮ ಕೇಳುವುದಿಲ್ಲ, ಹೆಸರು ಮಾತ್ರ ಮುಂಚಿತವಾಗಿ ನೋಂದಾಯಿಸಬೇಕಾಗುತ್ತದೆ. ದಿನಾಂಕ ಗೊತ್ತಿರುವುದು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನವರಿಗೆ ಮತ್ತು ಅಲ್ಲಿನ ಭಾರತೀಯ ವಿದ್ಯಾರ್ಥಿ ಸಂಘದವರಿಗೆ. ಹೊರಡುವ ಮೊದಲೇ ಮಗ ಸಂಘದ ವಾಟ್ಸಾಪ್ ಗುಂಪಿಗೆ ಸೇರಲಿ. ಮೇ ತಿಂಗಳಲ್ಲಿ ಪದವಿ ಮುಗಿಸಿ ಹೊರಟವರ ಮೇಜು ಕುರ್ಚಿಗಳು ಅದೇ ಗುಂಪಿನಲ್ಲಿ ಅಗ್ಗಕ್ಕೆ ಹೋಗುತ್ತವೆ. ವಿಶ್ವವಿದ್ಯಾಲಯದ ‘ಸರ್‌ಪ್ಲಸ್’ ಅಂಗಡಿಯಲ್ಲಿ, ಅಂದರೆ ಅವರು ಬಳಸಿ ಬಿಟ್ಟದ್ದನ್ನು ಮಾರುವ ಕಡೆ, ಆಫೀಸಿನ ಗಟ್ಟಿ ಮೇಜು, ಕುರ್ಚಿ ಸಿಗುತ್ತವೆ. ದಿನಕ್ಕೆ ಎಂಟು ಗಂಟೆ ಕೂತು ಓದುವವನಿಗೆ ಅದಕ್ಕಿಂತ ಒಳ್ಳೆಯ ಕುರ್ಚಿ ಹೊಸದರಲ್ಲೂ ಆ ಬೆಲೆಗೆ ಬರದು.

ನೆರೆಹೊರೆಯಲ್ಲೇ ಕೊಟ್ಟು ತೆಗೆದುಕೊಳ್ಳುವ ಜಾಲಗಳೂ ಇವೆ. ಫ್ರೀಸೈಕಲ್ 2003ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ, ಬೈ ನಥಿಂಗ್ 2013ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದವು. ಇವುಗಳಲ್ಲಿ “ಏನಾದರೂ ಕೊಡಿ” ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. “ಓದುವ ಮೇಜು ಬೇಕು, ನಾಲ್ಕಡಿಗಿಂತ ಉದ್ದ ಬೇಡ, ಶನಿವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆ” ಎಂದು ಬರೆದವನಿಗೆ ಉತ್ತರ ಬರುತ್ತದೆ. ಹೇಳಿದ ಹೊತ್ತಿಗೆ ಹೋಗದಿದ್ದರೆ ಮುಂದಿನ ಸಲ ಆ ಗುಂಪಿನಲ್ಲಿ ಕೊಡುವವರು ಸಿಗುವುದು ಕಷ್ಟ.

ಬಾಸ್ಟನ್‌ಗೆ ಹೋಗುವವರಾದರೆ ಸೆಪ್ಟೆಂಬರ್ 1ನ್ನು ನೆನಪಿಟ್ಟುಕೊಳ್ಳಿ. ನಗರದ ಬಹುಪಾಲು ಲೀಸುಗಳು ಅಂದೇ ಬದಲಾಗುವುದರಿಂದ ಆಲ್‌ಸ್ಟನ್ ಭಾಗದ ಕಾಲುದಾರಿಯ ತುಂಬ ಸಾಮಾನು ಬಿದ್ದಿರುತ್ತದೆ. ‘ಆಲ್‌ಸ್ಟನ್ ಕ್ರಿಸ್‌ಮಸ್’ ಎಂದೇ ಊರವರು ಅದನ್ನು ಕರೆಯುತ್ತಾರೆ. ಮರದ, ಲೋಹದ ಸಾಮಾನು ತರಬಹುದು. ಬಟ್ಟೆ ಹೊದಿಸಿದ್ದನ್ನು, ಹಾಸಿಗೆಯನ್ನು ಮುಟ್ಟಲೇಬಾರದು. ಏಕೆಂಬುದು ಮುಂದಿನ ಉತ್ತರದಲ್ಲಿದೆ. ಮಗನಿಗೆ ಹಾಸಿಗೆಯೊಂದನ್ನು ಮಾತ್ರ ಹೊಸದಾಗಿ ಕೊಂಡುಕೊಳ್ಳಲು ಹೇಳಿ.

ಪ್ರಶ್ನೆ: ಪುಕ್ಕಟೆ ಬಂದ ಸೋಫಾದ ಜೊತೆ ತಿಗಣೆಯೂ ಬಂತು. ಸೀಮೆಎಣ್ಣೆ, ಡಾಂಬರು ಗುಳಿಗೆ, ಅಂಗಡಿಯ ಹೊಗೆಡಬ್ಬಿ ಎಲ್ಲ ಆಯಿತು. ಹಳೆಯ ಸಾಮಾನು ತರುವ ಮೊದಲೇ ಪತ್ತೆ ಹಚ್ಚುವುದು ಹೇಗೆ?
— ಓದುಗರು, ಷಿಕಾಗೊ

ಉತ್ತರ: ಸೀಮೆಎಣ್ಣೆಯನ್ನು ಇವತ್ತೇ ನಿಲ್ಲಿಸಿ, ಅದು ಬೆಂಕಿಗೆ ದಾರಿ. ಹೊಗೆಡಬ್ಬಿಯ ಔಷಧ ಗಾಳಿಯಲ್ಲಿ ತೇಲಿ ಮೇಲ್ಮೈಯಲ್ಲಿ ಕೂರುತ್ತದೆ. ತಿಗಣೆ ಇರುವುದು ಸಂದಿನೊಳಗೆ, ಅಲ್ಲಿಗೆ ಅದು ಹೋಗುವುದೇ ಇಲ್ಲ. ಬದಲಿಗೆ ತಿಗಣೆಗಳು ಚೆದುರಿ ಪಕ್ಕದ ಕೋಣೆ ಸೇರುವ ಸಾಧ್ಯತೆ ಹೆಚ್ಚು.

ಪತ್ತೆಗೆ ಬೇಕಾದದ್ದು ಒಂದು ಟಾರ್ಚು, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡು, ಒದ್ದೆ ಮಾಡಿದ ಬಿಳಿ ಬಟ್ಟೆ. ಹಾಸಿಗೆಯ ಅಂಚಿನ ಹೊಲಿಗೆಪಟ್ಟಿಯನ್ನು ನಾಲ್ಕೂ ಸುತ್ತ ಕಾರ್ಡಿನಿಂದ ಮಡಿಸಿ ನೋಡಿ. ಸೋಫಾವನ್ನು ಮಗುಚಿ ಹಾಕಿ ತಳಕ್ಕೆ ಸ್ಟೇಪಲ್ ಹೊಡೆದ ತೆಳು ಕಪ್ಪು ಬಟ್ಟೆಯ ಅಂಚು ನೋಡಿ. ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ಮಂಚದ ತಲೆಹಲಗೆಯ ಹಿಂಭಾಗ, ಸ್ಕ್ರೂ ಕೂರುವ ತೂತು, ಡ್ರಾಯರ್‌ನ ಮೂಲೆಗಳನ್ನೂ ಬಿಡಬೇಡಿ. ಬೆಳೆದ ತಿಗಣೆ 5ರಿಂದ 7 ಮಿಲಿಮೀಟರ್, ಸೇಬಿನ ಬೀಜದಷ್ಟು. ಮೊಟ್ಟೆ ಒಂದು ಮಿಲಿಮೀಟರ್, ಬಿಳಿ. ಹುಳು ಕಾಣದಿದ್ದರೂ ಪೆನ್ನಿನ ತುದಿ ಒತ್ತಿದಂಥ ಕಪ್ಪು ಚುಕ್ಕೆಗಳ ಗುಂಪು, ಕಳಚಿದ ಕಂದು ಪೊರೆ ಕಾಣುತ್ತವೆ. ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಉಜ್ಜಿ: ಕೆಂಗಂದು ಬಣ್ಣ ಹರಡಿದರೆ ಅದು ತಿಗಣೆಯ ಹಿಕ್ಕೆ, ಬರೀ ಧೂಳಾದರೆ ಬಣ್ಣ ಬಿಡದು. ಖಾಲಿ ಮನೆಯಲ್ಲಿ ಬಹಳ ಕಾಲ ಇದ್ದ ಸಾಮಾನು ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ರಕ್ತ ಸಿಗದೆಯೂ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ.

ತಿಗಣೆಯನ್ನು ಕೊಲ್ಲುವುದು ಬಿಸಿ. 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇದ್ದರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊದಿಕೆ, ಪರದೆ, ದಿಂಬಿನ ಗೌಸುಗಳನ್ನು ಡ್ರೈಯರ್‌ನ ಅತಿ ಬಿಸಿ ಸೆಟ್ಟಿಂಗಿನಲ್ಲಿ ಅರ್ಧ ಗಂಟೆ ತಿರುಗಿಸಿ. ಒಗೆದರಷ್ಟೇ ಸಾಲದು, ಒಣಗಿಸುವ ಬಿಸಿಯೇ ಮುಖ್ಯ. ಷಿಕಾಗೊ ಚಳಿಯಲ್ಲಿ ಹೊರಗಿಟ್ಟರೆ ಸಾಯುತ್ತವಲ್ಲ ಎಂದು ಹಲವರು ಕೇಳುತ್ತಾರೆ. ಮೈನಸ್ 18 ಡಿಗ್ರಿ ನಾಲ್ಕು ದಿನ ಬಿಡದೆ ಇರಬೇಕು, ಅದೂ ಸೋಫಾದ ಒಡಲೊಳಗೆ. ಹಗಲು ಬಿಸಿಲು ಬಿದ್ದು ಎರಡು ಡಿಗ್ರಿ ಏರಿದರೆ ಲೆಕ್ಕ ತಪ್ಪುತ್ತದೆ. ಹಾಸಿಗೆಗೆ ಜಿಪ್ ಇರುವ ಮುಚ್ಚುಗೌಸು ಹಾಕಿದರೆ ಒಂದು ವರ್ಷ ತೆಗೆಯಬೇಡಿ.

ಸೋಫಾದೊಳಗೆ ಸೇರಿಕೊಂಡಿದ್ದರೆ ಅದನ್ನು ಉಳಿಸುವ ಆಸೆ ಬಿಡಿ. ಪ್ಲಾಸ್ಟಿಕ್ ಸುತ್ತಿ ಹೊರಗೆ ಒಯ್ಯಿರಿ, ಬಟ್ಟೆ ಹರಿದು, ತಿಗಣೆ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಹಾಗೆಯೇ ಬಿಟ್ಟರೆ ಸಂಜೆಯೊಳಗೆ ಇನ್ನೊಬ್ಬ ಬಡವರು ಹೊತ್ತೊಯ್ಯುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಷಿಕಾಗೊ ನಗರದ ನಿಯಮದಂತೆ ಔಷಧ ಹೊಡೆಸುವ ಹೊಣೆ ಅವರದು, ಬೇಗ ತಿಳಿಸುವ ಹೊಣೆ ನಿಮ್ಮದು.

ಪ್ರಶ್ನೆ: ಕೆಲಸ ಹೋಗಿದೆ, ಸಣ್ಣ ಮನೆಗೆ ಬಂದಿದ್ದೇವೆ. ಒಂದು ಚಾರಿಟಿಯ ಹಳೆ ಸಾಮಾನಿನ ಅಂಗಡಿಯಲ್ಲಿ ನಮ್ಮ ಸ್ಥಿತಿ ಹೇಳಿ ಒಂದು ಮಂಚ ಕೇಳಿದರೆ “ಇಲ್ಲಿ ಪುಕ್ಕಟೆ ಇಲ್ಲ” ಎಂದು ಕಳಿಸಿದರು. ಹಾಗಾದರೆ ಚಾರಿಟಿ ಎಂದರೇನು?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಆ ಅಂಗಡಿ ಇರುವುದು ಸಾಮಾನು ಮಾರಿ ಸಂಸ್ಥೆಗೆ ದುಡ್ಡು ತರಲು. ಕೌಂಟರಿನಲ್ಲಿ ನಿಂತವರಿಗೆ ಪುಕ್ಕಟೆ ಕೊಡುವ ಅಧಿಕಾರವಿಲ್ಲ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯಲ್ಲಿ ನೆರವಿನ ಅರ್ಜಿ ತೆಗೆದುಕೊಳ್ಳುವುದು ಅಂಗಡಿಯಲ್ಲಲ್ಲ, ‘ಕೋರ್’ ಎಂದು ಕರೆಯುವ ಅವರ ಸ್ಥಳೀಯ ಕೇಂದ್ರದಲ್ಲಿ. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯದಂತೂ ಬಹಳ ಒಳ್ಳೆಯ ಪದ್ಧತಿ. ನೀವಿರುವ ಪ್ರದೇಶದ ಚರ್ಚಿಗೆ ಸೇರಿದ ‘ಕಾನ್ಫರೆನ್ಸ್’ ಎಂಬ ಸ್ವಯಂಸೇವಕರ ಗುಂಪಿಗೆ ಫೋನ್ ಮಾಡಿ ಸಂದೇಶ ಬಿಡಬೇಕು. ಸಾಮಾನ್ಯವಾಗಿ ಇಬ್ಬರು ಮನೆಗೆ ಬಂದು ಕೂತು ಕಷ್ಟ ಕೇಳುತ್ತಾರೆ. ನೀವು ಕ್ರೈಸ್ತರಾಗಿರಬೇಕಿಲ್ಲ. ಲೀಸು, ಗುರುತಿನ ಚೀಟಿ, ಕೆಲಸ ಹೋದ ಪತ್ರ, ಒಂದೆರಡು ಬಿಲ್ಲು ಮೇಜಿನ ಮೇಲಿರಲಿ. ಏನು ಇಲ್ಲ ಎಂಬುದು ಅವರ ಕಣ್ಣಿಗೇ ಕಾಣುವುದರಿಂದ ಹೆಚ್ಚು ವಿವರಿಸುವ ಅಗತ್ಯ ಬೀಳುವುದಿಲ್ಲ. ಸೊಸೈಟಿಯ ಅಂಗಡಿ ಹತ್ತಿರದಲ್ಲಿದ್ದರೆ ವೋಚರ್ ಬರೆದು ಕೊಡುತ್ತಾರೆ, ಅದನ್ನು ತೋರಿಸಿದರೆ ಸಾಮಾನು ಪುಕ್ಕಟೆ.

ವೋಚರ್‌ನಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಸಿಗದು, ಅವಧಿ ಮುಗಿದರೆ ಅದು ಬರೀ ಕಾಗದ. ಎಷ್ಟು ಮಂಚ, ಎಷ್ಟು ಹಾಸಿಗೆ, ಯಾವ ದಿನಾಂಕದೊಳಗೆ ಎಂಬುದನ್ನು ಅವರೆದುರೇ ಓದಿಕೊಳ್ಳಿ. ಹಾಸಿಗೆಯಿಲ್ಲದ ಮಂಚಕ್ಕೆ ವೋಚರ್ ಬರೆಸಿಕೊಂಡು ಪೇಚಾಡುವವರು ಬಹಳ. ಅಂಗಡಿಗೆ ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಆಯ್ಕೆಗೆ ಸಿಗುತ್ತದೆ.

ಯಾವ ಬಾಗಿಲು ತಟ್ಟಬೇಕೆಂದೇ ತಿಳಿಯದಿದ್ದರೆ ಫೋನಿನಲ್ಲಿ 211 ಒತ್ತಿ, ಅದು ಸ್ಥಳೀಯ ನೆರವಿನ ಮಾಹಿತಿ ಕೊಡುವ ಸಹಾಯವಾಣಿ. ಜಿಪ್ ಕೋಡ್ ಹೇಳಿ “ಫರ್ನಿಚರ್ ವೋಚರ್ ಕೊಡುವವರು ಯಾರು, ಅವರಿಗೆ ರೆಫರಲ್ ಕೊಡುವವರು ಯಾರು” ಎಂದು ಎರಡೂ ಪ್ರಶ್ನೆ ಕೇಳಿ. ಬರೀ ಮೊದಲನೆಯದನ್ನು ಕೇಳಿ ಇಟ್ಟುಬಿಟ್ಟರೆ ಮತ್ತೆ ಅದೇ ಮುಚ್ಚಿದ ಬಾಗಿಲೆದುರು ನಿಲ್ಲುತ್ತೀರಿ. ಸ್ವಲ್ಪ ಉಳಿತಾಯ ಇರುವ ಮನೆಯಾದರೆ ದಾನ ಬಂದ ಸಾಮಾನು ಮಾರುವ, ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ರೀಸ್ಟೋರ್ ಅಂಗಡಿ ನೋಡಿ. ಪುಕ್ಕಟೆಯಲ್ಲ, ಹೊಸದಕ್ಕಿಂತ ಬಹಳ ಅಗ್ಗ.

ಎಚ್ಚರಿಕೆಯ ಮಾತೊಂದಿದೆ. “ಫರ್ನಿಚರ್ ಗ್ರಾಂಟ್ ಮಂಜೂರಾಗಿದೆ, ನೋಂದಣಿಗೆ 50 ಡಾಲರ್ ಕಳಿಸಿ” ಎನ್ನುವ ಸಂದೇಶ ಬಂದರೆ ಅದು ಮೋಸ. ನಿಜವಾದ ಸಂಸ್ಥೆಯೂ ಸಾಗಾಟದ ಶುಲ್ಕ ಕೇಳಬಹುದು, ಆದರೆ ರೆಫರಲ್ ಒಪ್ಪಿ, ದಿನಾಂಕ ಕೊಟ್ಟು, ರಸೀದಿಯೊಂದಿಗೆ. ಸಂಸ್ಥೆಯ ಹೆಸರನ್ನು ತೆರಿಗೆ ಇಲಾಖೆ ಐಆರ್‌ಎಸ್‌ನ ತೆರಿಗೆ ವಿನಾಯಿತಿ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿ ನೋಡಿ. ಗುರುತು ಪರಿಚಯವಿಲ್ಲದ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ತುಂಬಬೇಡಿ.

ಪ್ರಶ್ನೆ: ಉಡುಪಿಯಿಂದ ಕೇರ್ ವರ್ಕರ್ ಆಗಿ ಇಂಗ್ಲೆಂಡಿಗೆ ಬಂದಿದ್ದೇನೆ. ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂದಿದೆ. ಬಾಡಿಗೆ ಮನೆಯಲ್ಲಿ ಮಂಚವೂ ಇಲ್ಲ. ಚಾರಿಟಿಯಿಂದ ಪಡೆದರೆ ಷರತ್ತು ಮುರಿದಂತೆಯೇ?
— ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಇಲ್ಲ. ಪಬ್ಲಿಕ್ ಫಂಡ್ಸ್ ಎಂದರೆ ವಲಸೆ ನಿಯಮದಲ್ಲಿ ಪಟ್ಟಿ ಮಾಡಿರುವ ಸರ್ಕಾರಿ ನೆರವುಗಳು. ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಕೊಡುವ ಸ್ಥಳೀಯ ಕಲ್ಯಾಣ ನೆರವೂ ಆ ಪಟ್ಟಿಯಲ್ಲಿದೆ. ಹಾಗಾಗಿ ಕೌನ್ಸಿಲ್‌ನ ಫರ್ನಿಚರ್ ಯೋಜನೆಗೆ ಸಲಹೆ ಪಡೆಯದೆ ಅರ್ಜಿ ಹಾಕಬೇಡಿ. ಮೊದಲು ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಗೆ ಹೋಗಿ. ಚಾರಿಟಿಯ ಸಾಮಾನು, ಚಾರಿಟಿಯ ಗ್ರಾಂಟ್ ಎರಡಕ್ಕೂ ಅಡ್ಡಿಯಿಲ್ಲ.

ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ ಫರ್ನಿಚರ್ ಅಂಗಡಿಗಳಿವೆ, ಎಮ್ಮಾಯಸ್‌ನಂಥ ಮರುಬಳಕೆ ಸಂಸ್ಥೆಗಳೂ ಇವೆ. ಸರ್ಕಾರಿ ಬೆನಿಫಿಟ್ ಪಡೆಯುವವರಿಗೆ ಕೆಲವು ಮರುಬಳಕೆ ಸಂಸ್ಥೆಗಳು ಬೆಲೆ ಇಳಿಸುತ್ತವೆ. ನಿಮಗೆ ಬೆನಿಫಿಟ್ ಪತ್ರ ಇರುವುದಿಲ್ಲವಾದ್ದರಿಂದ ಸಂಬಳದ ಚೀಟಿ ತೋರಿಸಿ, ಕಡಿಮೆ ಆದಾಯದವರಿಗೂ ಆ ಬೆಲೆ ಅನ್ವಯಿಸುತ್ತದೆಯೇ ಎಂದು ಕೇಳಿ. ಕೇರ್ ಕೆಲಸದವರಿಗಾಗಿ ‘ಕೇರ್ ವರ್ಕರ್ಸ್ ಚಾರಿಟಿ’, ನರ್ಸ್‌ಗಳಿಗಾಗಿ ‘ಕ್ಯಾವೆಲ್’ ಇವೆ. ಅನಿರೀಕ್ಷಿತ ಕಷ್ಟಕ್ಕೆ ಇವು ಗ್ರಾಂಟ್ ಕೊಡುತ್ತವೆ. ಅರ್ಜಿಯಲ್ಲಿ “ಸಾಮಾನು ಬೇಕು” ಎಂದಷ್ಟೇ ಬರೆಯದೆ ಏನಾಯಿತು, ಎಷ್ಟು ಕೊರತೆ, ಮಂಚ ಹಾಸಿಗೆಗೆ ಎಷ್ಟು ಪೌಂಡು ಎಂದು ಬೆಲೆಪಟ್ಟಿಯೊಂದಿಗೆ ಬರೆಯಿರಿ.

ಸೋಫಾ, ಹಾಸಿಗೆ, ಮೆತ್ತೆ ಯಾವುದೇ ಇರಲಿ, ಬೆಂಕಿ ಸುರಕ್ಷತೆಯ ಹೊಲಿದ ಲೇಬಲ್ ಇದೆಯೇ ನೋಡಿ. ‘ಕೇರ್‌ಲೆಸ್‌ನೆಸ್ ಕಾಸಸ್ ಫೈರ್’ ಎಂದು ಸೋಫಾದ ಲೇಬಲ್ಲಿನಲ್ಲಿ ಬರೆದಿರುತ್ತದೆ. 1988ರ ನಿಯಮದಿಂದಾಗಿ ಅದಿಲ್ಲದ ಸೋಫಾವನ್ನು ಚಾರಿಟಿಗಳು ಮುಟ್ಟುವುದಿಲ್ಲ. ಒಳಗಿನ ಫೋಮ್‌ಗೆ ಕಿಡಿ ತಾಗಿದರೆ ನಿಮಿಷಗಳಲ್ಲಿ ವಿಷದ ಹೊಗೆ ತುಂಬುತ್ತದೆ. ಫ್ರೀಗಲ್‌ನಂಥ ಜಾಲದಲ್ಲಿ ಮನೆಯವರೇ ಕೊಡುವಾಗ ಯಾರೂ ಪರೀಕ್ಷಿಸಿರುವುದಿಲ್ಲ, ನೀವೇ ನೋಡಬೇಕು.

ಪ್ರಶ್ನೆ: ನದಿ ನೀರು ಮನಿಯೊಳಗ ಬಂದು ಮೂರು ದಿನ ನಿಂತಿತ್ತು. ಮಂಚ, ಕಪಾಟು, ಗಾದಿ ಎಲ್ಲಾ ಹಾಳಾಗ್ಯಾವ್ರಿ. ಇದಕ್ಕ ಸರ್ಕಾರದ್ದಾಗಲಿ ಸಂಸ್ಥಾದವರದ್ದಾಗಲಿ ಏನರ ಸಿಗತೈತೇನು?
— ಓದುಗರು, ಗೋಕಾಕ

ಉತ್ತರ: ಮಂಚ ಕಪಾಟಿಗೆಂದೇ ಬೇರೆ ಪರಿಹಾರದ ಬಾಬ್ತು ಇಲ್ಲ. ಆದರೆ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾನದಂಡದಲ್ಲಿ ಮನೆ ಕೊಚ್ಚಿಹೋದ, ಪೂರ್ತಿ ಹಾಳಾದ ಅಥವಾ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಲ್ಲಿ ಮುಳುಗಿದ ಕುಟುಂಬಕ್ಕೆ ಬಟ್ಟೆಬರೆಗೆ 2,500 ರೂಪಾಯಿ, ಪಾತ್ರೆ ಮತ್ತು ಮನೆಬಳಕೆ ಸಾಮಾನಿಗೆ 2,500 ರೂಪಾಯಿ ಎಂದು ನಿಗದಿಯಾಗಿತ್ತು, ಈಗಿನ ಮೊತ್ತವನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಕೊಳ್ಳಿ. ಮನೆಗಾದ ಹಾನಿಯ ಪರಿಹಾರ ಇದಕ್ಕೆ ಸೇರಿಲ್ಲ, ಅದು ಪ್ರತ್ಯೇಕ. “ಎರಡು ದಿನಕ್ಕಿಂತ ಹೆಚ್ಚು” ಎಂಬುದೇ ನಿಮ್ಮ ಹಕ್ಕಿನ ಆಧಾರ. ಗೋಡೆಯ ಮೇಲಿನ ನೀರಿನ ಗೆರೆ ಕಾಣುವಂತೆ, ಹಾಳಾದ ಸಾಮಾನು ಮನೆಯೊಳಗೇ ಇರುವಾಗ ಫೋಟೋ ತೆಗೆಯಿರಿ, ದಿನಾಂಕ ಬೀಳಲಿ. ಗ್ರಾಮ ಆಡಳಿತಾಧಿಕಾರಿ ಸಮೀಕ್ಷೆಗೆ ಬರುವ ಮೊದಲೇ ಮನೆ ತೊಳೆದು, ಸುಣ್ಣ ಬಳಿದು, ಸಾಮಾನು ಬಿಸಾಡಿದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಅದೇ ವಾರ ನೋಡಿಕೊಳ್ಳಿ.

ಸೇವಾಸಂಸ್ಥೆಗಳಲ್ಲಿ 1999ರಲ್ಲಿ ಶುರುವಾದ ಗೂಂಜ್‌ಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಅವರು ಒಂದೊಂದು ಮನೆಯ ಅರ್ಜಿ ನೋಡಿ ಮಂಚ ಕಳಿಸುವವರಲ್ಲ. ಊರಿನವರು ಸೇರಿ ಬಾವಿ, ದಾರಿಯಂಥ ಕೆಲಸ ಮಾಡಿದಾಗ ಅದಕ್ಕೆ ಪ್ರತಿಯಾಗಿ ಬಟ್ಟೆ, ಮನೆಸಾಮಾನಿನ ಗಂಟು ಕೊಡುತ್ತಾರೆ. ಹಾಗಾಗಿ ಪಂಚಾಯಿತಿ ಅಥವಾ ಸ್ತ್ರೀಶಕ್ತಿ ಸಂಘದ ಮೂಲಕ, ಎಷ್ಟು ಮನೆ, ಏನೇನು ಹೋಗಿದೆ ಎಂಬ ಪಟ್ಟಿಯೊಂದಿಗೆ ಕೇಳುವುದು ಸರಿ.

ಉಳಿಸಿಕೊಳ್ಳಬಹುದಾದದ್ದನ್ನು ಉಳಿಸಿಕೊಳ್ಳಿ. ಸಾಗುವಾನಿ, ಮತ್ತಿಯಂಥ ಗಟ್ಟಿ ಮರದ ಮಂಚವನ್ನು ತೊಳೆದು ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟಿಗೆಯ ಮೇಲೆ ನಿಲ್ಲಿಸಿ ನಿಧಾನ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಕಬ್ಬಿಣದ ತಿಜೋರಿಯ ಕೆಸರು ತೆಗೆದು, ಒಣಗಿಸಿ, ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿಯಿರಿ. ಪುಡಿಮರ ಒತ್ತಿ ಮಾಡಿದ ಹಲಗೆಯ ಕಪಾಟು ನೀರು ಕುಡಿದು ಉಬ್ಬಿದರೆ ಮತ್ತೆ ಕೂಡುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಚರಂಡಿ ನೀರು ಸೇರಿದ ಹತ್ತಿ ಗಾದಿಯನ್ನು ಹಿಂಜಿಸಿ ಮತ್ತೆ ತುಂಬಿಸುವುದೂ ಬೇಡ, ಮಕ್ಕಳು ಮಲಗುವ ಜಾಗ ಅದು.

ಪ್ರಶ್ನೆ: ನಮ್ಮ ಹಳೆಯ ಮಗುವಿನ ತೊಟ್ಟಿಲು-ಮಂಚ, ಸೋಫಾ, ಹಾಸಿಗೆ ದಾನ ಕೊಡಬೇಕೆಂದಿದ್ದೇವೆ. ಯಾವುದನ್ನು ತೆಗೆದುಕೊಳ್ಳುತ್ತಾರೆ?
— ದಂಪತಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ಪಕ್ಕದ ಕಟಕಟೆ ಕೆಳಗಿಳಿಯುವ ಮಾದರಿಯ ಮಗುವಿನ ಮಂಚವಾದರೆ ಯಾರಿಗೂ ಕೊಡಬೇಡಿ. 2011ರ ಜೂನ್ 28ರಿಂದ ಅಮೆರಿಕದಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ, ಬಿಚ್ಚಿ ಮುರಿದು ಕಸಕ್ಕೆ ಹಾಕಿ. ಸೋಫಾ ಹರಿಯದೆ, ಕಲೆಯಿಲ್ಲದೆ, ಸಾಕುಪ್ರಾಣಿಯ ಕೂದಲು ವಾಸನೆ ಇಲ್ಲದಿದ್ದರೆ ತೆಗೆದುಕೊಳ್ಳುತ್ತಾರೆ. ಹಾಸಿಗೆಯನ್ನು ಬಹಳ ಸಂಸ್ಥೆಗಳು ಒಪ್ಪುವುದಿಲ್ಲ, ಮೊದಲೇ ಫೋನ್ ಮಾಡಿ. ಫರ್ನಿಚರ್ ಬ್ಯಾಂಕ್‌ಗಳಲ್ಲಿ ಹೆಚ್ಚು ಬೇಡಿಕೆ ಇರುವುದು ಟ್ವಿನ್ ಮಂಚ, ಸಣ್ಣ ಊಟದ ಮೇಜು, ಡ್ರೆಸರ್‌ಗಳಿಗೆ. ದೊಡ್ಡ ಟಿವಿ ಸ್ಟ್ಯಾಂಡು, ಮೂಲೆ ಸೋಫಾಗಳು ಸಣ್ಣ ಮನೆಗೆ ಹಿಡಿಸುವುದಿಲ್ಲ. ಮಂಚ ಕೊಡುವಾಗ ಬೋಲ್ಟು, ಅಡ್ಡಪಟ್ಟಿ, ಅಲೆನ್ ಕೀ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕಟ್ಟಿ ಕೊಡಿ. ಬೋಲ್ಟಿಲ್ಲದ ಮಂಚ ಗೋದಾಮಿನಲ್ಲೇ ಉಳಿಯುತ್ತದೆ.